ಎಳೆಯ ಮಕ್ಕಳಿಗೆ ಗಣಕಪಾಠ: ಹಣ ಮಂಜೂರು ಮಾಡುವ ಮುನ್ನ



ನಮ್ಮ ಸಂಘದ ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರಗಳಿಗೆ ಮಂಜೂರಾತಿ ದೊರೆತು, ಗೊಬ್ಬರದ ದಾಸ್ತಾನಿನ ವಿಷಯದಲ್ಲಿ ಪ್ರತಿವರ್ಷದಂತೆ ಆಗಬೇಕಾದಷ್ಟು ಚರ್ಚೆಯೂ ಆಗಿ, ಸದಸ್ಯರ ಕಣ್ಣು ಊಟದ ಚಪ್ಪರದ ಕಡೆ ತಿರುಗಿದ್ದ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ಒಂದು ಸೂಚನೆ ಮಂಡಿಸಿದರು. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಧಾರಣೆ ಬಂತು, ಅಡಿಕೆಯೂ ಕೈಬಿಡಲಿಲ್ಲ, ಧರ್ಮಾರ್ಥ ನಿಧಿಯಲ್ಲಿ ಹಣ ಕೂತಿದೆ. ಆದ್ದರಿಂದ ನಮ್ಮ ಕಾರ್ಯವ್ಯಾಪ್ತಿಯ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠ ತುಂಬಿದ ಟ್ಯಾಬುಗಳನ್ನು ಕೊಡಿಸಬೇಕು ಎಂಬುದು ಆ ಸೂಚನೆ. ಜೋರಾಗಿ ಚಪ್ಪಾಳೆ ಬಿತ್ತು. ಒಂದು ಉಪಸಮಿತಿಯನ್ನು ನೇಮಿಸಿ ಸಭೆ ಮುಗಿಯಿತು. ಆ ಉಪಸಮಿತಿಯಲ್ಲಿ ನಾನೂ ಒಬ್ಬ.

ಸೂಚನೆಗೆ ನನ್ನ ವಿರೋಧವಿಲ್ಲ. ವಿರೋಧವಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದನ್ನು ಓದಿದರೆ ವಿರೋಧವೆಂದೇ ತೋರಬಹುದು. ಟ್ಯಾಬಿನಲ್ಲಿ, ಗಣಕಯಂತ್ರದಲ್ಲಿ ತುಂಬಿ ಬರುವ ಈ ಮಕ್ಕಳ ಪಾಠಗಳನ್ನು ಸುಲಭಕ್ಕೆ ಗಣಕಪಾಠ ಎನ್ನೋಣ. ಯಾವ ಗಣಕಪಾಠ, ಯಾವ ಮಗುವಿಗೆ, ದಿನದ ಯಾವ ಹೊತ್ತಿನಲ್ಲಿ, ಪಕ್ಕದಲ್ಲಿ ಯಾರನ್ನು ಕೂರಿಸಿ ಎಂಬುದನ್ನು ಕೇಳದೆ ನಾವು ಹಣ ಕೊಡಬಾರದು ಎಂಬುದಷ್ಟೇ ನನ್ನ ಮಾತು. ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ನಿಡಗುಂದಿ ಕಡೆಯ ಒಂದು ಹುಡುಗಿಯಿಂದ.

ನಮ್ಮ ತೋಟಕ್ಕೆ ಆರೇಳು ವರ್ಷದಿಂದ ಹಣ್ಣು ಕೊಯ್ಲಿಗೆ ಬರುವ ತಂಡ ವಿಜಯಪುರ ಜಿಲ್ಲೆಯ ನಿಡಗುಂದಿಯ ಆಸುಪಾಸಿನದು. ನಿಡಗುಂದಿ ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಆಲಮಟ್ಟಿ ಅಣೆಕಟ್ಟು ಅದರ ಮಗ್ಗುಲಲ್ಲೇ ಇದೆ. ಕೃಷ್ಣೆಯ ಹಿನ್ನೀರು ಕಣ್ಣೆದುರಿಗಿದ್ದರೂ ಎಲ್ಲರ ಹೊಲಕ್ಕೂ ನೀರು ಬಂದಿಲ್ಲ; ಕೆಲವರ ಹೊಲವಂತೂ ಆ ನೀರಿನ ಅಡಿಯಲ್ಲೇ ಇದೆ. ಡಿಸೆಂಬರಿನಲ್ಲಿ ಒಂದು ರಾತ್ರಿಯ ಬಸ್ಸು ಹತ್ತಿ ಬರುತ್ತಾರೆ, ಅರೇಬಿಕಾ ಮುಗಿಸಿ, ರೊಬಸ್ಟಾ ಮುಗಿಸಿ, ಯುಗಾದಿಯ ಹೊತ್ತಿಗೆ ಊರು ಸೇರುತ್ತಾರೆ. ದೊಡ್ಡ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬರುತ್ತಾರೆ. ಏಳೆಂಟು ವರ್ಷದವರನ್ನು ಬಿಟ್ಟು ಬರಲಾರದೆ ಕರೆತರುತ್ತಾರೆ. ಹೀಗೆ ಶಾಲೆಯ ವರ್ಷದ ನಟ್ಟನಡುವೆ ಮೂರು ನಾಲ್ಕು ತಿಂಗಳು ಆ ಮಕ್ಕಳು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತೆ ಲೈನ್ ಮನೆಯ ಮುಂದೆ ತಮ್ಮ ತಂಗಿಯರನ್ನು ಆಡಿಸಿಕೊಂಡು ಇರುತ್ತಾರೆ.

ಕಳೆದ ಕೊಯ್ಲಿನಲ್ಲಿ ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ತಾವೇ ಲೈನಿಗೆ ಬಂದು ಅಂಥ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋದರು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಇದು ನಮ್ಮ ಎಷ್ಟೋ ಸದಸ್ಯರಿಗೆ ತಿಳಿದಿಲ್ಲ, ತಿಳಿದವರು ಮೇಸ್ತ್ರಿಗೆ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ಆ ಶಾಲೆಗೆ ಹಿಂದಿನ ವರ್ಷ ಯಾರೋ ದಾನಿಗಳು ಐದಾರು ಟ್ಯಾಬು ಕೊಟ್ಟಿದ್ದರು. ಗಣರಾಜ್ಯ ದಿನದ ಸಿಹಿ ಹಂಚಲು ಹೋದಾಗ ಮಕ್ಕಳು ಅದರಲ್ಲಿ ಕಲಿಯುವುದನ್ನು ನೋಡುತ್ತ ಕೂತೆ. ಪರದೆಯ ಮೇಲೆ ಒಂದು ಚಿತ್ರ, ಕೆಳಗೆ ಮೂರು ಪದ. ಸರಿಯಾದ ಪದವನ್ನು ಮುಟ್ಟಬೇಕು. ನಿಡಗುಂದಿ ಕಡೆಯ ಎರಡನೆಯ ತರಗತಿಯ ಹುಡುಗಿಯ ಮುಂದೆ ಈರುಳ್ಳಿಯ ಚಿತ್ರ ಬಂತು. ಅವಳು ಅದನ್ನು ಗುರುತಿಸಿದಳು, ಮುಖ ಅರಳಿತು, ಕೆಳಗಿನ ಪದಗಳನ್ನು ಒಂದೊಂದಾಗಿ ತುಟಿಯಲ್ಲೇ ಕೂಡಿಸಿ ಓದಿದಳು. ಮತ್ತೊಮ್ಮೆ ಓದಿದಳು. ಅವಳಿಗೆ ಬೇಕಾದ ‘ಉಳ್ಳಾಗಡ್ಡಿ’ ಅಲ್ಲಿರಲಿಲ್ಲ. ಕೊನೆಗೆ ಅಂದಾಜಿನಲ್ಲಿ ಒಂದನ್ನು ಮುಟ್ಟಿದಳು. ಯಂತ್ರ ಅಳುಮೋರೆ ತೋರಿಸಿ ‘ಮತ್ತೊಮ್ಮೆ ಪ್ರಯತ್ನಿಸು’ ಎಂದಿತು. ಮುಂದಿನದು ಮೊಟ್ಟೆ. ಅವಳೂರಿನಲ್ಲಿ ಅದು ತತ್ತಿ. ಮತ್ತೆ ಅಳುಮೋರೆ. ಅಷ್ಟರಲ್ಲಿ ಪಕ್ಕದ ಹುಡುಗ ಕೈ ಚಾಚಿ ತಾನೇ ಪಟಪಟನೆ ಒತ್ತಿ ನಾಲ್ಕು ನಕ್ಷತ್ರ ಗಳಿಸಿಕೊಂಡ. ಹುಡುಗಿ ಕೈಯನ್ನು ಲಂಗದ ಮಡಿಕೆಯಲ್ಲಿ ಹುದುಗಿಸಿ ಕೂತಳು.

ಇದನ್ನು ಕಂಡ ಅಧ್ಯಾಪಕಿ ಬಂದು ಟ್ಯಾಬನ್ನು ಬದಿಗಿಟ್ಟು, “ಇದೇನಮ್ಮ?” ಎಂದು ಕೇಳಿದರು.

“ಉಳ್ಳಾಗಡ್ಡಿ ಅಲ್ಲೇನ್ರಿ ಅಕ್ಕೋರ?”

“ಹೌದು, ಉಳ್ಳಾಗಡ್ಡಿನೇ. ಇಲ್ಲಿ ನಾವು ನೀರುಳ್ಳಿ ಅಂತೀವಿ. ಇದರಲ್ಲಿ ಈರುಳ್ಳಿ ಅಂತ ಬರೆದಿದ್ದಾರೆ. ಮೂರೂ ಒಂದೇ.”

ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷ ಟ್ಯಾಬಿನೊಳಗೆ ಇರಲಿಲ್ಲ. ಪಠ್ಯಪುಸ್ತಕದಲ್ಲಿಯೂ ಈರುಳ್ಳಿಯೇ ಇರುತ್ತದೆ, ಚಕ್ಕಡಿಯ ಬದಲು ಎತ್ತಿನ ಗಾಡಿಯೇ ಇರುತ್ತದೆ, ನಿಜ. ಆದರೆ ಪುಸ್ತಕಕ್ಕೂ ಮಗುವಿಗೂ ನಡುವೆ ಅಧ್ಯಾಪಕಿ ನಿಂತಿರುತ್ತಾರೆ. ಗಣಕಪಾಠವನ್ನು ಮಾರುವವರು ಹೇಳುವ ಮೊದಲ ಗುಣವೇ ‘ಅಧ್ಯಾಪಕರಿಲ್ಲದೆಯೂ ಮಗು ತಾನೇ ಕಲಿಯುತ್ತದೆ’ ಎಂಬುದು. ಮಗು ಓದಿದ್ದನ್ನು ಕೇಳಿಸಿಕೊಂಡು ತಿದ್ದುವ ತಂತ್ರಾಂಶಗಳೂ ಈಗ ಬಂದಿವೆ. ಅವು ಯಾರ ಕನ್ನಡವನ್ನು ಕೇಳಿ ಕಲಿತಿವೆ ಎಂದು ಮಾರುವವರನ್ನು ಕೇಳಿ ನೋಡಬೇಕು. ನಿಡಗುಂದಿಯವರದ್ದಂತೂ ಇರಲಾರದು, ನಮ್ಮ ಘಟ್ಟದ ಮೇಲಿನವರದ್ದೂ ಇರಲಾರದು ಎಂದು ನನ್ನ ಗುಮಾನಿ.

ಈ ವಿಷಯದಲ್ಲಿ ಲೋಕಕ್ಕೆ ಅನುಭವ ಇಲ್ಲದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಯಾಟ್ರಿಕ್ ಸಪ್ಪಿಸ್ ಎಂಬ ಪ್ರಾಧ್ಯಾಪಕರು 1960ರ ದಶಕದಲ್ಲೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಣಕಯಂತ್ರದ ಮೂಲಕ ಲೆಕ್ಕದ ಅಭ್ಯಾಸ ಮಾಡಿಸಿದರು. ಯಂತ್ರ ಪ್ರಶ್ನೆ ಕೇಳುತ್ತದೆ, ಮಗು ಉತ್ತರಿಸುತ್ತದೆ, ಯಂತ್ರ ಸರಿ-ತಪ್ಪು ಹೇಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ 1967ರಲ್ಲಿ ಸೆಮೂರ್ ಪೇಪರ್ಟ್, ವಾಲಿ ಫೂರ್ಜೈಗ್ ಮತ್ತು ಸಿಂಥಿಯಾ ಸಾಲೋಮನ್ ‘ಲೋಗೋ’ ಎಂಬ ಭಾಷೆಯನ್ನು ರಚಿಸಿದರು. ಅಲ್ಲಿ ಮಗುವೇ ಯಂತ್ರಕ್ಕೆ ಕೆಲಸ ಹೇಳಬೇಕು: ಪರದೆಯ ಆಮೆಗೆ ಇಷ್ಟು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಅಪ್ಪಣೆ ಕೊಟ್ಟು ಚೌಕ, ಮನೆ, ಹೂವು ಬರೆಸಬೇಕು. ಅದೇ ವಂಶದ ‘ಸ್ಕ್ರ್ಯಾಚ್ ಜೂನಿಯರ್’ 2014ರಲ್ಲಿ ಬಂತು. ಐದರಿಂದ ಏಳು ವರ್ಷದವರಿಗೆ ಮಾಡಿದ್ದು, ಬೆಲೆಯಿಲ್ಲದೆ ಸಿಗುತ್ತದೆ. ಅಪ್ಪಣೆಗಳೆಲ್ಲ ಚಿತ್ರದ ಬಿಲ್ಲೆಗಳಾದ್ದರಿಂದ ಓದು ಬಾರದ ಮಗುವೂ ಆಡಬಹುದು. ಉಳ್ಳಾಗಡ್ಡಿಯ ತಕರಾರು ಅಲ್ಲಿ ಹುಟ್ಟುವುದೇ ಇಲ್ಲ. ಮಾರಾಟಕ್ಕೆ ಬರುವ ಗಣಕಪಾಠಗಳಲ್ಲಿ ನಾನು ಕಂಡ ಬಹುಪಾಲು ಮಾತ್ರ ಸಪ್ಪಿಸ್ ಅವರ ದಾರಿಯವು, ಬಣ್ಣ ಮತ್ತು ಸಂಗೀತ ಸೇರಿಸಿದವು.

ನಮ್ಮ ದೇಶದಲ್ಲಿ 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಎಂಬ ಇಂಗ್ಲೆಂಡಿನ ಗಣಕಯಂತ್ರಗಳನ್ನು ಶಾಲೆಗಳಿಗೆ ಕೊಟ್ಟಿತು. ಅದು ದೊಡ್ಡ ಮಕ್ಕಳಿಗೆ, ಇಂಗ್ಲಿಷ್ ಬಲ್ಲವರಿಗೆ. ಕನ್ನಡದ ಎಳೆಯ ಮಕ್ಕಳ ಬಳಿಗೆ ಗಣಕಪಾಠ ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ನಂತರ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದೊಡನೆ ಸೇರಿ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಗಣಕ ಕಲಿಕಾ ಕೇಂದ್ರಗಳನ್ನು ತೆರೆದಾಗ. ಪಠ್ಯಕ್ಕೆ ಹೊಂದುವಂತೆ ಕಥೆ, ಆಟ, ಲೆಕ್ಕಗಳ ಸಿ.ಡಿ.ಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಮಾಡಿಸಿದರು. ಹಣಕ್ಕೆ ಕೊರತೆಯಿಲ್ಲ, ತಂತ್ರಜ್ಞರಿಗೆ ಕೊರತೆಯಿಲ್ಲ, ಉದ್ದೇಶದಲ್ಲಿ ಲಾಭದ ಆಸೆಯಿಲ್ಲ. ಅಂಥವರೇ ಕೆಲವು ವರ್ಷ ನಡೆಸಿ, ನೋಡಿ, ಅದರಿಂದ ಹಿಂದೆ ಸರಿದರು. 2010ರ ಡಿಸೆಂಬರಿನಲ್ಲಿ ಆ ಪ್ರತಿಷ್ಠಾನದ ಅನುರಾಗ್ ಬೆಹರ್ ಅವರು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಈ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದರು. ಗಣಕದ ಮೋಹ ಶಾಲೆಯ ನಿಜವಾದ ಸಮಸ್ಯೆಗಳಿಂದ ನಮ್ಮ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ, ಅಧ್ಯಾಪಕರ ಕೊರತೆಯನ್ನು ಅದು ತುಂಬಲಾರದು ಎಂಬುದು ಅವರ ಮಾತಿನ ಸಾರ. ನಾವು ಕೊಡಬೇಕೆಂದಿರುವ ಹಣ ಅವರು ಖರ್ಚು ಮಾಡಿದ್ದರ ಮುಂದೆ ಒಂದು ಹಿಡಿ ಕಾಫಿಬೀಜ. ಅವರು ಕಲಿತದ್ದನ್ನು ಪುಕ್ಕಟೆಯಾಗಿ ಪಡೆಯುವುದರಲ್ಲಿ ನಮಗೆ ಸಂಕೋಚ ಬೇಡ.

ಆ ಕಾಲದ್ದೇ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಕೆಂಟಾರೋ ಟೊಯಾಮಾ ಮತ್ತು ಅವರ ಸಂಗಡಿಗರು ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳು ಗಣಕವನ್ನು ಹೇಗೆ ಬಳಸುತ್ತಾರೆಂದು ಗಮನಿಸಿದರು. ಒಂದು ಯಂತ್ರದ ಸುತ್ತ ಹಲವು ಮಕ್ಕಳು, ಆದರೆ ಮೌಸು ಮಾತ್ರ ಒಬ್ಬರ ಕೈಯಲ್ಲಿ. ಉಳಿದವರು ಹೆಗಲ ಮೇಲಿಂದ ಇಣುಕುವವರು. ಅವರು ಒಂದೇ ಯಂತ್ರಕ್ಕೆ ಹಲವು ಮೌಸು ಜೋಡಿಸಿ, ಒಬ್ಬೊಬ್ಬರ ಬಾಣಕ್ಕೂ ಒಂದೊಂದು ಬಣ್ಣ ಕೊಟ್ಟು ನೋಡಿದರು. 2006 ಮತ್ತು 2007ರಲ್ಲಿ ಪ್ರಕಟವಾದ ಅವರ ವರದಿಗಳಲ್ಲಿ ಒಂದು ಸೂಕ್ಷ್ಮವಿದೆ. ಯಾರು ಮೊದಲು ಒತ್ತುತ್ತಾರೋ ಅವರು ಗೆದ್ದರು ಎಂಬ ಆಟವಿಟ್ಟಾಗ ಹುಡುಗರು ಓದದೆಯೇ ಒತ್ತಲು ಶುರುಮಾಡಿದರು. ಎಲ್ಲರೂ ಒಂದೇ ಉತ್ತರವನ್ನು ಒಪ್ಪಿದರೆ ಮಾತ್ರ ಮುಂದಿನ ಪ್ರಶ್ನೆ ಎಂದಾಗ ಮಕ್ಕಳು ಪರಸ್ಪರ ಮಾತಾಡಿಕೊಂಡರು, ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಟ್ಟಷ್ಟೇ ಕಲಿತರು. ಅವರು ತುಸು ದೊಡ್ಡ ಮಕ್ಕಳು, ಕಲಿತದ್ದು ಇಂಗ್ಲಿಷ್ ಪದ. ಆದರೂ ನಮ್ಮೂರ ಶಾಲೆಯಲ್ಲಿ ಕೈ ಚಾಚಿ ನಾಲ್ಕು ನಕ್ಷತ್ರ ಗಳಿಸಿಕೊಂಡ ಹುಡುಗನನ್ನು ಕಂಡಾಗ ನನಗೆ ಈ ವರದಿಯೇ ನೆನಪಾಯಿತು. ತಪ್ಪು ಹುಡುಗನದ್ದಲ್ಲ. ಬೇಗ ಒತ್ತಿದವನಿಗೆ ನಕ್ಷತ್ರ ಎಂದು ಆಟ ಮಾಡಿದವರದ್ದು.

ಗುಜರಾತಿನಿಂದ ಇನ್ನೂ ನೇರವಾದ ಸಾಕ್ಷ್ಯವಿದೆ. ವಡೋದರದ ನಗರಸಭೆಯ ಶಾಲೆಗಳಲ್ಲಿ ಸರ್ಕಾರ ಕೊಟ್ಟಿದ್ದ ಗಣಕಗಳನ್ನು ಚಿಕ್ಕ ಮಕ್ಕಳು ಹೆಚ್ಚಾಗಿ ಮುಟ್ಟಿಯೇ ಇರಲಿಲ್ಲ. 2002ರಿಂದ ಎರಡು ವರ್ಷ ‘ಪ್ರಥಮ್’ ಸಂಸ್ಥೆ ನಾಲ್ಕನೆಯ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ, ಯಂತ್ರಕ್ಕೆ ಇಬ್ಬರಂತೆ, ಲೆಕ್ಕದ ಆಟಗಳನ್ನು ಆಡಿಸಿತು. ಲೆಕ್ಕದಲ್ಲಿ ಒಳ್ಳೆಯ ಪ್ರಗತಿಯೇ ಕಂಡಿತು. ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಅಳೆದಾಗ ಅದರ ಬಹುಭಾಗ ಕರಗಿಹೋಗಿತ್ತು. ಇನ್ನೊಂದು ಪ್ರಯೋಗ ಅಲ್ಲಿಯ ಜ್ಞಾನಶಾಲಾ ಎಂಬ ಸಂಸ್ಥೆಯ ಎರಡು-ಮೂರನೆಯ ತರಗತಿಯ ಮಕ್ಕಳ ಮೇಲೆ ನಡೆದದ್ದು, ಅರ್ಥಾತ್ ನಮಗೆ ಬೇಕಾದ ವಯಸ್ಸಿನವರ ಮೇಲೆಯೇ. ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದರು. ಅಧ್ಯಾಪಕಿಯ ಪಾಠದ ಹೊತ್ತನ್ನು ಕಿತ್ತು ಗಣಕಕ್ಕೆ ಕೊಟ್ಟಲ್ಲಿ ಮಕ್ಕಳು ಮೊದಲಿಗಿಂತಲೂ ಕಡಿಮೆ ಕಲಿತರು. ಅದೇ ಗಣಕಪಾಠವನ್ನು ಶಾಲೆಯ ಹೊತ್ತಿನ ಆಚೆಗೆ ಹೆಚ್ಚುವರಿಯಾಗಿ ಕೊಟ್ಟಲ್ಲಿ ಹೆಚ್ಚು ಕಲಿತರು, ಅದರಲ್ಲೂ ಹಿಂದುಳಿದ ಮಕ್ಕಳು. ಯಂತ್ರ ಅದೇ, ಪಾಠ ಅದೇ. ನಮ್ಮಂತೆಯೇ ಕಾಫಿ ಬೆಳೆಯುವ ಪೆರು ದೇಶ ಹಳ್ಳಿಯ ಮಕ್ಕಳಿಗೆ ತಲೆಗೊಂದರಂತೆ ಪುಟ್ಟ ಗಣಕಗಳನ್ನು ಹಂಚಿತು; 319 ಶಾಲೆಗಳನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ ಲೆಕ್ಕದಲ್ಲಾಗಲಿ ಭಾಷೆಯಲ್ಲಾಗಲಿ ಅದರಿಂದ ಲಾಭ ಕಾಣಲಿಲ್ಲ.

ಹಾಗಾದರೆ ನಮ್ಮ ಶಾಲೆಯಲ್ಲಿ ಗಣಕಪಾಠಕ್ಕೆ ಜಾಗ ಎಲ್ಲಿ? ಇದಕ್ಕೆ ಉತ್ತರ ನಮ್ಮ ನಾಡಿನ ನಲಿ-ಕಲಿಯಲ್ಲಿಯೇ ಇದೆ ಎಂಬುದು ನನ್ನ ನಮ್ರ ಅಭಿಪ್ರಾಯ. ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಅಧ್ಯಾಪಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದನ್ನು ಆರಂಭಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು-ಎರಡನೆಯ ತರಗತಿಗೂ, ಬಳಿಕ ಮೂರನೆಯದಕ್ಕೂ ವಿಸ್ತರಿಸಿತು. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯುವುದನ್ನೆಲ್ಲ ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು ಏಣಿಯ ಮೆಟ್ಟಿಲಂತೆ ಜೋಡಿಸಿದ್ದಾರೆ. ಮಗು ಎಷ್ಟು ದಿನ ಶಾಲೆ ತಪ್ಪಿಸಿದ್ದರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕೊಯ್ಲಿನ ಮಕ್ಕಳಿಗೆಂದೇ ಮಾಡಿದಂತಿದೆ. ಕೋಣೆಯಲ್ಲಿ ಐದು ತಟ್ಟೆ, ಅಂದರೆ ಐದು ಗುಂಪು: ಪೂರ್ತಿ ಶಿಕ್ಷಕರ ಸಹಾಯದಲ್ಲಿ ಕಲಿಯುವವರು, ಸ್ವಲ್ಪ ಶಿಕ್ಷಕರ ಸಹಾಯ ಬೇಕಾದವರು, ಗೆಳೆಯರ ಸಹಾಯದಲ್ಲಿ ಕಲಿಯುವವರು, ಗೆಳೆಯರ ಸಹಾಯ ಸ್ವಲ್ಪವೇ ಸಾಕಾದವರು, ಕೊನೆಗೆ ತಾವೇ ಕಲಿಯುವವರು. ಗಣಕಪಾಠ ಸೇರಬೇಕಾದದ್ದು ಆ ಕೊನೆಯ ಎರಡು ತಟ್ಟೆಗೆ. ಹೊಸದನ್ನು ಕಲಿಸುವ ಮೊದಲ ತಟ್ಟೆಗಲ್ಲ. ಕಲಿತದ್ದನ್ನು ಮತ್ತೆ ಮತ್ತೆ ತಿದ್ದಲು ಅದಕ್ಕಿರುವ ತಾಳ್ಮೆ ಮನುಷ್ಯರಿಗಿಲ್ಲ. ದಶಕ ಕಳೆಯುವ ಲೆಕ್ಕವನ್ನು ಇಪ್ಪತ್ತು ಸಲ ತಪ್ಪಿದರೂ ಅದು ನಿಟ್ಟುಸಿರು ಬಿಡುವುದಿಲ್ಲ, ಪಕ್ಕದ ಮಗುವಿನೊಡನೆ ಹೋಲಿಸುವುದಿಲ್ಲ.

ಆದರೆ ಮಾರಾಟಕ್ಕೆ ಬಂದ ಗಣಕಪಾಠಗಳಿಗೆ ನಲಿ-ಕಲಿಯ ಗುರುತೇ ಇಲ್ಲ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಶುರುವಾಗುತ್ತದೆ. ಬರೆಯಲು ಒಂದಕ್ಕೊಂದು ಹತ್ತಿರದ ಅಕ್ಷರಗಳು. ಐದೇ ಕಲಿತರೂ ಸರ, ರಸ, ಅರಸ, ಅಗಸ, ದಸರ, ಗರಗಸ ಎಂದು ಮಗು ಮೊದಲ ವಾರಗಳಲ್ಲೇ ಪೂರ್ತಿ ಪದ ಓದಿಬಿಡುತ್ತದೆ. ಆಮೇಲೆ ಜ, ವ, ಮ, ಬ, ನ. ನಮ್ಮ ಕಾಲದಲ್ಲಿ ಮರಳಿನ ಮೇಲೆ ಅಕ್ಷರಮಾಲೆಯ ಕ್ರಮದಲ್ಲಿ ತಿದ್ದಿದ ನನಗೆ ಇದು ಮೊದಲು ವಿಚಿತ್ರವೆನಿಸಿತ್ತು, ಅಧ್ಯಾಪಕಿ ವಿವರಿಸಿದ ಮೇಲೆ ಜಾಣತನವೆನಿಸಿತು. ಉಪಸಮಿತಿಯ ಮುಂದೆ ತೋರಿಸಲು ತಂದ ಗಣಕಪಾಠಗಳು ಮಾತ್ರ ಅ-ಅರಸ, ಆ-ಆನೆ ಎಂದೇ ಹಾಡಿದವು. ಬೆಳಗ್ಗೆ ಶಾಲೆಯಲ್ಲಿ ಗರಗಸ ಓದಿದ ಮಗು ಮಧ್ಯಾಹ್ನ ಟ್ಯಾಬಿನ ಮುಂದೆ ಋಷಿಯ ಋ ತಿದ್ದಬೇಕು. ತಂದವರನ್ನು ನಾನು ಈ ಬಗ್ಗೆ ಕೇಳಿದೆ. ಅವರಿಗೆ ನಲಿ-ಕಲಿಯ ಹೆಸರು ಗೊತ್ತಿತ್ತು, ಅಷ್ಟೇ.

ಹಣ ಕೊಟ್ಟು ಗಣಕಪಾಠ ಕೊಳ್ಳಬೇಕಾದ ಅಗತ್ಯವೂ ಅಷ್ಟಿಲ್ಲ. ಬೆಂಗಳೂರಿನ ಅಕ್ಷರ ಪ್ರತಿಷ್ಠಾನ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಗಣಿತದ ಆಟಗಳನ್ನು ಕನ್ನಡದಲ್ಲಿಯೂ ಉಚಿತವಾಗಿ ಕೊಟ್ಟಿದೆ. ಸಾಧಾರಣ ಫೋನಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಕಡೆ ಈ ಕೊನೆಯ ಮಾತು ಎಷ್ಟು ಮುಖ್ಯವೆಂದು 2020ರಲ್ಲಿ ಎಲ್ಲರಿಗೂ ಗೊತ್ತಾಗಿದೆ. ಆ ವರ್ಷದ ಜೂನಿನಲ್ಲಿ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವೇ ಬೇಡವೆಂದು ಆದೇಶಿಸಿತು, ಜುಲೈಯಲ್ಲಿ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಬೇಕೋ ಬೇಡವೋ ಎಂಬ ಚರ್ಚೆ ರಾಜಧಾನಿಯಲ್ಲಿ ನಡೆಯುತ್ತಿದ್ದಾಗ ಇಲ್ಲಿ ಮಕ್ಕಳು ಗೊರಬು ಹೊದ್ದು ಸಿಗ್ನಲ್ ಸಿಗುವ ದಿಣ್ಣೆಯ ತುದಿಗೆ ಹತ್ತುತ್ತಿದ್ದರು.

ಈಗ ನಿಡಗುಂದಿಗೆ ಮರಳುತ್ತೇನೆ. ಮಳೆಗಾಲ ಕಳೆಯುತ್ತಿದ್ದಂತೆ ಮುಂಗಡದ ಮಾತುಕತೆಗೆ ಮೇಸ್ತ್ರಿಯೊಡನೆ ಆ ಕಡೆ ಹೋಗಿದ್ದೆ. ಹುಡುಗಿಯ ಮನೆಯಲ್ಲಿ ಚಹಾ ಕುಡಿದು ಅವಳ ಶಾಲೆಗೂ ಹೋದೆ. ಅಲ್ಲಿಯೂ ಒಂದು ಗಣಕವಿತ್ತು, ಅದರಲ್ಲಿ ಬೇರೆಯೇ ಒಂದು ಗಣಕಪಾಠವಿತ್ತು. ಅಲ್ಲಿಯ ಮಾಸ್ತರರು ಹೇಳಿದರು: “ಡಿಸೆಂಬರದಾಗ ಹೋದ ಹುಡುಗ್ರು ಉಗಾದಿಗೆ ಬರ್ತಾರ್ರಿ. ಎಲ್ಲಿಗೆ ಬಿಟ್ಟಿದ್ರು ನಮಗ ಗೊತ್ತದರಿ. ನಡುವ ಏನ್ ಕಲಿತ್ರು, ಏನ್ ಮರತ್ರು, ಅದು ಯಾರಿಗೂ ಗೊತ್ತಿಲ್ರಿ.” ನಾನು ಲೆಕ್ಕ ಹಾಕಿದೆ. ಈ ಹುಡುಗಿ ಎರಡು ವರ್ಷದಲ್ಲಿ ಗಣಕದ ಮುಂದೆ ನಾಲ್ಕು ಸಲ ಮೊದಲಿನಿಂದ ಶುರುಮಾಡಿದ್ದಾಳೆ: ಅಲ್ಲಿ ಒಮ್ಮೆ, ಇಲ್ಲಿ ಒಮ್ಮೆ, ಮತ್ತೆ ಅಲ್ಲಿ, ಮತ್ತೆ ಇಲ್ಲಿ. ಪ್ರತಿ ಸಲವೂ ಅ-ಅರಸ. ಎಲ್ಲವನ್ನೂ ನೆನಪಿಡುತ್ತದೆ ಎನ್ನುವ ಯಂತ್ರಕ್ಕೆ ಅವಳ ನೆನಪು ಒಮ್ಮೆಯೂ ಇರಲಿಲ್ಲ. ಸರ್ಕಾರದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ಆ ಸಂಖ್ಯೆ ಶಾಲೆಯಿಂದ ಶಾಲೆಗೆ ಹೋಗಬಲ್ಲದು; ಅವಳು ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದ್ದಾಳೆಂಬುದು ಮಾತ್ರ ಅದರ ಜೊತೆ ನಮ್ಮೂರ ಅಧ್ಯಾಪಕಿಯ ಕೈಗೆ ಬಂದಿರಲಿಲ್ಲ.

ನಮ್ಮ ತೋಟದ ಚೆಕ್‌ರೋಲಿನಲ್ಲಿ ಆ ಹುಡುಗಿಯ ತಾಯಿ ಯಾವ ದಿನ ಎಷ್ಟು ಕಿಲೋ ಹಣ್ಣು ಕೊಯ್ದಳೆಂದು ಆರೇಳು ವರ್ಷದ ಲೆಕ್ಕ ಇದೆ. ರೈಟರು ಸಂಜೆ ಕಣದಲ್ಲಿ ತೂಗಿ ಬರೆದದ್ದು. ಅದೇ ಹುಡುಗಿ ಎಷ್ಟು ಅಕ್ಷರ ಕಲಿತಳೆಂಬ ಲೆಕ್ಕ ಎರಡು ಊರಿನ ನಡುವೆ ಕಳೆದುಹೋಗುತ್ತಿದೆ.

‘ಕೂಲಿಯವರ ಮಕ್ಕಳ ವಿಷಯಕ್ಕೆ ಸದಸ್ಯರ ಹಣವೇಕೆ’ ಎಂದು ಕೇಳುವವರು ಇದ್ದಾರೆ, ಸಭೆಯಲ್ಲಿ ಕೇಳಿದ್ದೂ ಉಂಟು. ಅವರಲ್ಲಿ ನನ್ನದೊಂದು ಮರುಪ್ರಶ್ನೆ. ನಮ್ಮ ಸದಸ್ಯರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ? ಬೆಳಗ್ಗೆ ಹಳದಿ ವ್ಯಾನು ಬಂದು ಅವರನ್ನೆಲ್ಲ ಪಟ್ಟಣದ ಇಂಗ್ಲಿಷ್ ಶಾಲೆಗೆ ಕೊಂಡೊಯ್ಯುತ್ತದೆ. ನನ್ನ ಮನೆಯ ಮುಂದೆಯೂ ಅದು ನಿಲ್ಲುತ್ತದೆ. ನಮ್ಮೂರ ಶಾಲೆ ಬಾಗಿಲು ತೆರೆದಿರುವುದೇ ಲೈನ್ ಮನೆಯ ಮಕ್ಕಳಿಂದ. ಈಚೆಗೆ ಅಸ್ಸಾಮಿನ ಮಕ್ಕಳೂ ಇದ್ದಾರೆ, ಅವರಿಗೆ ಈರುಳ್ಳಿಯ ಪ್ರಶ್ನೆ ಇನ್ನೂ ದೂರದ್ದು. ಸೂಚನೆಯಲ್ಲಿ ‘ನಮ್ಮ ಶಾಲೆಯ ಮಕ್ಕಳು’ ಎಂದಿದ್ದರೆ ಅದರ ಅರ್ಥ ಈ ಮಕ್ಕಳೇ, ಬೇರೆ ಯಾರೂ ಅಲ್ಲ.

ಉಪಸಮಿತಿಯಲ್ಲಿ ನಾನು ಇಡಲಿರುವ ಸಲಹೆ ಹೀಗಿದೆ. ಮಗುವಿಗೊಂದು ಟ್ಯಾಬು ಬೇಡ, ಶಾಲೆಗೆ ನಾಲ್ಕಾರು ಸಾಕು. ಇಬ್ಬರು ಮೂವರು ಸೇರಿ ಮಾತಾಡಿಕೊಂಡು ಆಡಲಿ. ಉಚಿತವಾಗಿ ಸಿಗುವ, ಇಂಟರ್‌ನೆಟ್ ಬೇಡದ ಗಣಕಪಾಠಗಳನ್ನು ಅಧ್ಯಾಪಕರೇ ನೋಡಿ ಆರಿಸಲಿ. ಉಳಿದ ಹಣದಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಕ್ಕಳೊಡನೆ ಕೂರಲು ಊರಿನ ಓದಿದ ಹೆಣ್ಣುಮಗಳೊಬ್ಬಳಿಗೆ ಗೌರವಧನ ಕೊಡೋಣ. ಖರ್ಚಿನ ದೊಡ್ಡ ಪಾಲು ಅದಕ್ಕೇ ಹೋಗಲಿ. ಗುಜರಾತಿನಲ್ಲಿ ಲಾಭವಾದದ್ದು ಆ ಹೆಚ್ಚುವರಿ ಗಂಟೆಯಿಂದ. ನಿಡಗುಂದಿಯ ತಂಡದ ತಾಯಂದಿರನ್ನೇ ಕೂರಿಸಿ ಚಿತ್ರಗಳಿಗೆ ಅವರ ಹೆಸರು ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ ಉಳ್ಳಾಗಡ್ಡಿ, ತತ್ತಿ, ಚಕ್ಕಡಿ, ಶೇಂಗಾ ಎಲ್ಲವೂ ತರಗತಿಗೆ ಬರುತ್ತವೆ. ಇದಕ್ಕೆ ಒಂದು ಕಾಸೂ ಬೇಡ, ಒಂದು ಭಾನುವಾರದ ಮಧ್ಯಾಹ್ನ ಸಾಕು. ನಮ್ಮ ಮಕ್ಕಳೂ ಅವರ ಪದಗಳನ್ನು ಕಲಿಯಲಿ.

ಮತ್ತೊಂದು, ಒಂದು ಚೀಟಿ. ಹೋಗುವಾಗ ಮಗುವಿನ ಕೈಯಲ್ಲಿ, ಬರುವಾಗ ಮಗುವಿನ ಕೈಯಲ್ಲಿ: ಭಾಷೆಯಲ್ಲಿ ಇಷ್ಟನೆಯ ಮೆಟ್ಟಿಲು, ಗಣಿತದಲ್ಲಿ ಇಷ್ಟನೆಯ ಮೆಟ್ಟಿಲು, ಅಧ್ಯಾಪಕರ ಸಹಿ, ಫೋನ್ ನಂಬರು. ನಲಿ-ಕಲಿಯ ಏಣಿ ಎರಡೂ ಊರಿನಲ್ಲಿ ಒಂದೇ ಆದ್ದರಿಂದ ಇದು ಆಗದ ಮಾತಲ್ಲ. ತಂತ್ರಾಂಶ ಬರೆಯಬಲ್ಲ ನಮ್ಮ ಸದಸ್ಯರ ಮಕ್ಕಳು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಚೀಟಿಯನ್ನೇ ಗಣಕಪಾಠದೊಳಗೆ ಸೇರಿಸಿ, ಮಗು ಬಿಟ್ಟಲ್ಲಿಂದ ಶುರುವಾಗುವಂತೆ ಮಾಡಿಕೊಡುವವರು ಅವರಲ್ಲಿ ಇದ್ದರೆ ಸಂಘದ ಕಚೇರಿಗೆ ತಿಳಿಸಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ಕಾಗದವೇ ನಡೆಯಲಿ.

ಯಂತ್ರಗಳ ರಕ್ಷಣೆಯ ಬಗ್ಗೆಯೂ ಒಂದು ಮಾತು. ಜೂನ್ ಬಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕರೆಂಟು ಮೂರು ದಿನ ಮುಖ ತೋರಿಸುವುದಿಲ್ಲ. ಬೇರೆ ಶಾಲೆಯೊಂದರಲ್ಲಿ ಮಳೆಗಾಲ ಕಳೆದು ಕಪಾಟು ತೆರೆದಾಗ ಎಂಟರಲ್ಲಿ ಮೂರು ಟ್ಯಾಬು ಮಾತ್ರ ಎಚ್ಚರಗೊಂಡವು. ರಿಪೇರಿಗೆಂದು ಪ್ರತಿವರ್ಷ ಸ್ವಲ್ಪ ಹಣ ಎತ್ತಿಡದಿದ್ದರೆ ಮೂರನೆಯ ವರ್ಷಕ್ಕೆ ನಮ್ಮ ದಾನದ ಫಲಕ ಒಂದೇ ಉಳಿದೀತು. ಮಳೆಗಾಲದಲ್ಲಿ ಅವನ್ನು ಶಾಲೆಯ ಅಡುಗೆಮನೆಯ ಅಟ್ಟದಲ್ಲಿಡಬಹುದೆಂದು ನಾನು ಹೇಳಿದಾಗ ಅಧ್ಯಾಪಕಿ ನಕ್ಕರು. ಅಡಿಕೆಯನ್ನು ಅಟ್ಟದಲ್ಲಿ ಕಾಯ್ದುಕೊಂಡವರಿಗೆ ಅದು ಅಷ್ಟೇನೂ ನಗುವ ಮಾತಲ್ಲ.

ಉಪಸಮಿತಿ ಮುಂದಿನ ತಿಂಗಳ ಎರಡನೆಯ ಭಾನುವಾರ ಸಂಘದ ಸಭಾಂಗಣದಲ್ಲಿ ಸೇರುತ್ತದೆ. ನಮ್ಮೂರ ಅಧ್ಯಾಪಕಿಯವರು ನಲಿ-ಕಲಿಯ ಕಾರ್ಡುಗಳನ್ನು ತಂದು ತೋರಿಸಲು ಒಪ್ಪಿದ್ದಾರೆ. ಆಸಕ್ತ ಸದಸ್ಯರೆಲ್ಲ ಬರಬಹುದು. ಮೇಸ್ತ್ರಿಗಳನ್ನೂ ಕರೆತಂದರೆ ಒಳ್ಳೆಯದು. ನಿಡಗುಂದಿಯ ತಂಡ ಡಿಸೆಂಬರ್ ಮೊದಲ ವಾರ ಬರುವುದಾಗಿ ಹೇಳಿದೆ. ಹುಡುಗಿ ಈಗ ಮೂರನೆಯ ತರಗತಿ. ಅವಳ ಮೆಟ್ಟಿಲಿನ ಚೀಟಿ ಬರೆದುಕೊಡುವಂತೆ ಅಲ್ಲಿಯ ಮಾಸ್ತರರಲ್ಲಿ ನಾನು ಕೇಳಿಕೊಂಡಿದ್ದೇನೆ, ಕೊಡುತ್ತೇನೆಂದಿದ್ದಾರೆ.